ಸನ್ನತಿಯಲ್ಲೊಂದು ರಾತ್ರಿ ಮತ್ತು ಜೋಳದ ಕಾವಲು

ನಾನು ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲಿ. ನಮ್ಮಲ್ಲಿ ಎಲ್ಲಾ ಫರಸಿ ಮಯ. ಮನೆಯ ನೆಲ ಫರಸಿ, ಅಂಗಳ ಫರಸಿ, ಬಚ್ಚಲು ಫರಸಿ, ಶಾಲೆಯ ಕಟ್ಟೆಯೂ ಫರಸಿ. ಬೆಂಗಳೂರಿನ ಅಂಗಡಿಗಳಲ್ಲಿ "ಶಹಾಬಾದ್ ಕಲ್ಲು" ಅಂತ ಮಾರುತ್ತಾರಲ್ಲ, ಅದೇ. ಬೇಸಿಗೆಯಲ್ಲಿ ಅದರ ಮೇಲೆ ಅಂಗಿ ಬಿಚ್ಚಿ ಮಲಗಿದರೆ ಸಿಗುವ ತಂಪು ಯಾವ ಏಸಿಯಲ್ಲೂ ಇಲ್ಲ ಬಿಡಿ. ಆದರೆ ಅದೇ ಜಾತಿಯ ಸುಣ್ಣಕಲ್ಲಿನಲ್ಲಿ ಎರಡು ಸಾವಿರ ವರ್ಷದ ಹಿಂದೆ ನಮ್ಮ ಪಕ್ಕದಲ್ಲೇ ಯಾರೋ ಆನೆ, ಕುದುರೆ, ಬೋಧಿವೃಕ್ಷ, ರಾಜ, ರಾಣಿ ಎಲ್ಲ ಕೆತ್ತಿ ನಿಲ್ಲಿಸಿದ್ದರು ಅಂತ ನನಗೆ ಗೊತ್ತಾಗಿದ್ದು ಊರು ಬಿಟ್ಟು ಎಷ್ಟೋ ವರ್ಷ ಆದಮೇಲೆ. ನಮ್ಮ ಕಡೆಯವರಿಗೆ ಸನ್ನತಿ ಅಂದರೆ ಚಂದ್ರಲಾಂಬೆ, ಅಷ್ಟೇ. ಜಾತ್ರೆಗೆ ಹೋಗುವುದು, ಭೀಮೆಯಲ್ಲಿ ಮುಳುಗು ಹಾಕುವುದು, ಕಾಯಿ ಒಡೆಸಿಕೊಂಡು ಬರುವುದು. ಚಂದ್ರವದನೆಯನ್ನು ಹೊತ್ತೊಯ್ದ ಸೇತುರಾಜನ ಮೇಲೆ ದೇವಿ ದುಂಬಿಗಳನ್ನು ಬಿಟ್ಟ ಕತೆಯನ್ನು ಅಜ್ಜಿ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಅಲ್ಲೊಂದು ಕೋಟೆಯಿತ್ತು ಅಂತ ಮಾತ್ರ ಅಜ್ಜಿಯೂ ಹೇಳಲಿಲ್ಲ, ಶಾಲೆಯ ಮೇಷ್ಟ್ರೂ ಹೇಳಲಿಲ್ಲ.

ಆ ಕೋಟೆಗೆ ಒಮ್ಮೆ ರಾತ್ರಿ ಹೊತ್ತು ಹೋಗಿ ಬಂದ ಕತೆ ಇದು. ಭೂತ ಪ್ರೇತ ಏನೂ ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ :)

2018ರ ಜನವರಿ ಮೊದಲ ವಾರ. ಬನದ ಹುಣ್ಣಿಮೆಯ ಆಚೀಚೆ. ಸೋದರಮಾವನ ಊರಿಗೆ ಹೋಗಿದ್ದೆ. ಊರು ಭೀಮಾ ದಂಡೆಯಲ್ಲಿದೆ, ಸನ್ನತಿಗೆ ಬೈಕಿನಲ್ಲಿ ಹೋಗಿ ಬರುವಷ್ಟು ದೂರ. ಎಳ್ಳಮಾಸಿ ಮುಗಿದು ಎರಡು ವಾರ ಆಗಿತ್ತು. ಆದರೂ ಅತ್ತೆಯ ಡಬ್ಬಿಯಲ್ಲಿ ಕಟಕಟ ಅನ್ನುವ ಸಜ್ಜೆ ರೊಟ್ಟಿ ಇನ್ನೂ ಉಳಿದಿದ್ದವು. ಮಾವನ ಮಗ (ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಭಾವಾ ಅನ್ನುತ್ತಾನೆ) ಬೈಕ್ ತೆಗೆದ. ಕನಗನಹಳ್ಳಿಯ ಸ್ತೂಪ ನೋಡುವುದು, ಆಮೇಲೆ ಸನ್ನತಿಯಲ್ಲಿ ಗುಡಿ ದರ್ಶನ, ರಾತ್ರಿ ಊಟಕ್ಕೆ ಮನೆ. ಇದು ನಮ್ಮ ಯೋಜನೆ. ದಾರಿಯಲ್ಲಿ ಹಿಂದಿನ ಚಕ್ರ ಪಂಕ್ಚರ್. ಹಾಕುವವನು ಸಿಕ್ಕಿ, ಅವನ ಚಹಾ ಮುಗಿದು, ಆಮೇಲೆ ಕೆಲಸ ಶುರುವಾಗಿ... ನಾವು ಕನಗನಹಳ್ಳಿ ಮುಟ್ಟುವ ಹೊತ್ತಿಗೆ ಸೂರ್ಯ ಭೀಮೆಯ ಆಚೆ ಇಳಿದಾಗಿತ್ತು.

ಗೇಟಿಗೆ ಬೀಗ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳು ಸಾಮಾನ್ಯವಾಗಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ. ಕಾವಲುಗಾರ ಒಳ್ಳೆಯ ಮನುಷ್ಯ, "ನಾಳೆ ಮುಂಜಾನೆ ಬರ್ರಿ ಸಾಹೇಬ್ರ, ನಾನೇ ಎಲ್ಲಾ ತೋರಸ್ತೀನಿ" ಅಂದ. ಮಾವನ ಮಗ "ಬೆಂಗಳೂರಿಂದ ಬಂದಾರ" ಅಂತ ಒಂದು ಬಾಣ ಬಿಟ್ಟು ನೋಡಿದ. ಕಾವಲುಗಾರ ನಕ್ಕ, ಬೀಗ ನಗಲಿಲ್ಲ. ಅವನು ಮಾಡಿದ್ದೇ ಸರಿ. 1994ರಿಂದ ಕೆಲವು ವರ್ಷ ಅಗೆದಾಗ ಅಲ್ಲಿ ಸಿಕ್ಕಿದ್ದು ಸಾಮಾನ್ಯ ವಸ್ತುಗಳಲ್ಲ. ಸ್ತೂಪದ ಸುತ್ತಲಿನ ಶಿಲ್ಪಫಲಕಗಳು, ಸಾತವಾಹನ ಅರಸರ ಚಿತ್ರಗಳು, ಜೊತೆಗೆ ರಾಣಿಯೊಡನೆ ನಿಂತ ಒಬ್ಬ ರಾಜ. ಅವನ ಹತ್ತಿರ ಬ್ರಾಹ್ಮಿ ಲಿಪಿಯಲ್ಲಿ "ರಾಯೋ ಅಸೋಕೋ" ಅಂತ ಹೆಸರು. ಅಶೋಕ ಚಕ್ರವರ್ತಿ! ಹೆಸರು ಬರೆದ ಅವನ ಶಿಲ್ಪ ಸಿಕ್ಕಿದ್ದು ನಮ್ಮ ಚಿತಾಪುರ ತಾಲ್ಲೂಕಿನಲ್ಲಿ. ಅಂಥದ್ದಕ್ಕೆ ಬೀಗ ಬೇಕೇ ಬೇಕು.

ನಾನು ಬೈಕ್ ತಿರುಗಿಸು ಅಂದೆ. ಅವನು ತಿರುಗಿಸದೆ ಕೂತ. "ಭಾವಾ, ಇದಕ್ಕ ಕೀಲಿ ಅದ. ಕೋಟಿಗಿ ಎಲ್ಲದ ಕೀಲಿ? ರಣಮಂಡಲಕ್ಕ ಹೋಗಮು ನಡಿ."

ಅಂದ ಹಾಗೆ, ನೀವು ಸನ್ನತಿಗೆ ಹೋಗಿದ್ದರೂ ರಣಮಂಡಲ ನೋಡಿರುವುದು ಅನುಮಾನ. ಕೋಟೆ ಅಂದರೆ ನಮ್ಮ ಕಣ್ಣಿಗೆ ಬರುವುದು ಕಲಬುರಗಿಯ ಕೋಟೆ, ಬೀದರಿನ ಕೋಟೆ. ಬುರುಜು, ತೋಪು, ಕಂದಕ, ಮುಳ್ಳಿನ ಬಾಗಿಲು. ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋದರೂ ಅಷ್ಟೇ, ರಾಷ್ಟ್ರಕೂಟರ ಮಾನ್ಯಖೇಟ ಎಷ್ಟೇ ಹಾಳಾಗಿರಲಿ, ಕಾಗಿಣಾ ದಂಡೆಯಲ್ಲಿ ಗೋಡೆ ಎದ್ದು ನಿಂತಿದೆ, ಇದು ಕೋಟೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ರಣಮಂಡಲ ಹಾಗಲ್ಲ. ಅದು ಇವೆಲ್ಲಕ್ಕಿಂತ ನೂರಾರು ವರ್ಷ ಹಳೆಯದು. ಭೀಮೆಯ ದಂಡೆಯಲ್ಲಿ ಗೋಡೆ ಕಟ್ಟಿಕೊಂಡಿದ್ದ ಒಂದು ಪಟ್ಟಣ. ಈಗ ಹೊರಗಿನವರ ಕಣ್ಣಿಗೆ ಅದು ಬರೀ ದಿಬ್ಬ. ಸುಮಾರು 86 ಹೆಕ್ಟೇರ್ ಹರವಿನಲ್ಲಿ ಅಗೆದು ನೋಡಿದ್ದು ಎರಡು ಎಕರೆಯಷ್ಟು ಮಾತ್ರ ಅಂತ ಓದಿದ್ದೆ. ಅಷ್ಟರಲ್ಲೇ ಕಲ್ಲು ಹಾಸಿದ ದಾರಿ, ಮನೆಗಳ ಪಾಯ, ಸುಣ್ಣಕಲ್ಲಿನ ನೆಲ, ಸಾತವಾಹನರ ಮತ್ತು ಅವರಿಗಿಂತ ಹಿಂದಿನ ನಾಣ್ಯ, ದಂತದ ಒಡವೆ, ಸುಟ್ಟಮಣ್ಣಿನ ಪದಕ ಎಲ್ಲ ಸಿಕ್ಕಿವೆ. ಸುಣ್ಣಕಲ್ಲಿನ ನೆಲ ಅಂತ ಓದಿದಾಗ ನಗು ಬಂದಿತ್ತು ನನಗೆ. ಆಗಲೂ ಫರಸಿ!

ಕನಗನಹಳ್ಳಿಯಿಂದ ಸನ್ನತಿ ಮೂರು ಕಿಲೋಮೀಟರಿನಷ್ಟು. ಬೈಕನ್ನು ಊರ ಬದಿಗೆ ನಿಲ್ಲಿಸಿ ನಡೆದೆವು. ಅಗೆದ ಜಾಗದ ಕಡೆ ಹೋಗಲಿಲ್ಲ, ಹೊಲಕ್ಕೆ ಹೋಗುವ ಕಾಲುದಾರಿ ಹಿಡಿದೆವು. ಅಷ್ಟರಲ್ಲಿ ಚಂದ್ರ ಮೂಡಿದ್ದ. ಆ ಹುಣ್ಣಿಮೆಗೆ ಚಂದ್ರ ಭೂಮಿಗೆ ತೀರಾ ಹತ್ತಿರ ಇದ್ದಾನೆ ಅಂತ ಪೇಪರಿನಲ್ಲಿ ಬಂದಿತ್ತು. ಬ್ಯಾಟರಿ ಬೇಕಾಗಲಿಲ್ಲ. ಎರೆ ಹೊಲದ ಕಪ್ಪು, ಬಿಳಿಜೋಳದ ತೆನೆ, ಆಚೆ ಭೀಮೆಯ ನೀರು ತೆಳ್ಳಗೆ ಹೊಳೆಯುತ್ತಿತ್ತು. ಚಳಿ. ಎಲ್ಲೋ ಟಿಟ್ಟಿಭ ಒಂದೇ ಸಮ ಕೂಗುತ್ತಿತ್ತು, ನಾವು ಬಂದ ಸುದ್ದಿ ಊರಿಗೆಲ್ಲ ಸಾರುವವರ ಹಾಗೆ.

ದಾರಿ ಏರಿತು. ಏರಿದ್ದು ಕಾಲಿಗೆ ಗೊತ್ತಾಯಿತೇ ಹೊರತು ಕಣ್ಣಿಗಲ್ಲ. ಹಗಲು ನೋಡಿದ್ದರೆ ನಾನು ಇದನ್ನು ಯಾವುದೋ ಹಳೆಯ ಒಡ್ಡು ಅಂದುಕೊಂಡು ದಾಟಿಬಿಡುತ್ತಿದ್ದೆನೇನೋ. ಬೆಳದಿಂಗಳು ಓರೆಯಾಗಿ ಬಿದ್ದಾಗ ಮಾತ್ರ ನೆಲದ ಉಬ್ಬು ತಗ್ಗು ಬೇರೆ ಬೇರೆಯಾಗಿ ಕಾಣುತ್ತದೆ. ಉಬ್ಬಿನ ನೆರಳು ಉದ್ದಕ್ಕೆ ಬಾಗಿಕೊಂಡು ಹೋಗುತ್ತಿತ್ತು. ಅದು ಹೊಲದ ಬದು ಹೋಗುವ ರೀತಿಯಲ್ಲ. ಬದು ನೇರಕ್ಕೆ ಹೋಗುತ್ತದೆ, ಇದು ಏನನ್ನೋ ಸುತ್ತುವರಿದು ಹೋಗುತ್ತಿತ್ತು. ಅದು ಗೊತ್ತಾದ ಕ್ಷಣಕ್ಕೆ ಮೈ ಜುಮ್ಮೆಂದಿತು. ನಾನು ಕೋಟೆಯ ಎದುರಿಗಿಲ್ಲ, ಕೋಟೆಯ ಗೋಡೆಯ ಮೇಲೇ ನಿಂತಿದ್ದೇನೆ..

"ಯಾರದು? ಅಲ್ಲೇ ನಿಂದ್ರು!"

ಮುಖಕ್ಕೆ ಬ್ಯಾಟರಿ ಬೆಳಕು. ಜೋಳದೊಳಗಿಂದ ಒಬ್ಬ ಮುದುಕ ಹೊರಗೆ ಬಂದ. ಮೈ ತುಂಬ ಕೌದಿ, ಕೈಯಲ್ಲಿ ಬಡಿಗೆ.

"ನಾವು ಕಳ್ಳರಲ್ರಿ ಮುತ್ಯಾ" ಅಂದ ನಮ್ಮ ಹುಡುಗ.

"ಕಳ್ಳರೂ ಹಂಗೇ ಅಂತಾರ. ಚೀಲದಾಗ ಏನದ?"

ಚೀಲ ತೆಗೆದು ತೋರಿಸಿದೆವು. ನೀರಿನ ಬಾಟಲಿ, ಒಂದು ಸ್ವೆಟರ್, ಅತ್ತೆ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ. ಮುತ್ಯಾ ಒಂದೊಂದನ್ನೂ ಬೆಳಕು ಬಿಟ್ಟು ನೋಡಿದ. ವಿಮಾನ ನಿಲ್ದಾಣದಲ್ಲೂ ಅಷ್ಟು ಶ್ರದ್ಧೆಯಿಂದ ನೋಡುವುದಿಲ್ಲ. ಆಮೇಲೆ ಯಾವೂರು, ಯಾರ ಮಗ, ತಾಯಿಯ ತವರು ಯಾವುದು ಎಲ್ಲ ವಿಚಾರಣೆ ಆಯಿತು. ಮಾವನ ಹೆಸರು ಹೇಳಿದ ಮೇಲೆ ಬಡಿಗೆ ಕೆಳಗಿಳಿಯಿತು. "ಅವರ ಪೈಕಿ ಏನು ನೀವು? ಹಾರಿ ಹಿಡಕೊಂಡು ಬಂದೀರೇನು ಅಂತ ನೋಡಿದ್ನಪಾ."

ಹಾರೆ ಯಾಕೆ ಅಂತ ನಿಮಗೆ ಹೊಳೆದಿರಬೇಕು. ನಿಧಿ! ನಮ್ಮ ನಾಡಿನ ಯಾವ ಹಾಳು ಕೋಟೆಗೆ, ಹಾಳು ಗುಡಿಗೆ ಬೇಕಾದರೂ ಹೋಗಿ, ಒಂದು ಕಡೆ ಕಿತ್ತ ಕಲ್ಲು, ತೋಡಿದ ಗುಂಡಿ ಕಾಣುತ್ತದೆ. ಟಿಕೆಟ್ ಕೊಂಡು ಹಗಲಲ್ಲಿ ಬರುವವರು ಹೆಸರು ಕೆತ್ತಿ ಹೋಗುತ್ತಾರೆ, ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು ಹಿಡಿದು ಬರುವವರು ಬುಡವನ್ನೇ ಅಗೆದು ಹೋಗುತ್ತಾರೆ. ಮುತ್ಯಾ ಒಮ್ಮೆ ಅಂಥವರನ್ನು ಕಂಡಿದ್ದನಂತೆ. ಒಬ್ಬನೇ ಇದ್ದ. ಹಂದಿ ಓಡಿಸಲು ಇಟ್ಟುಕೊಂಡಿದ್ದ ತಗಡಿನ ಡಬ್ಬಿ ಬಡಿಯುತ್ತಾ ಕೂಗಿಕೊಂಡನಂತೆ. ಅಕ್ಕಪಕ್ಕದ ಹೊಲದಲ್ಲಿ ಕಾವಲಿದ್ದವರೂ ಡಬ್ಬಿ ಬಡಿದರು. ಬಂದವರು ಹಾರೆ ಬಿಟ್ಟು ಓಡಿದರು. "ಹಾರಿ ಇನ್ನಾ ನಮ್ಮನ್ಯಾಗೇ ಅದ. ಛೊಲೋ ಹಾರಿ" ಅಂದ :)

ಅವನ ಹೊಲ ದಿಬ್ಬದ ಬದಿಗೇ ಹೊಂದಿಕೊಂಡಿದೆ. ಕಟ್ಟಿಗೆಯ ಅಟ್ಟ, ಅದರ ಮೇಲೆ ಹುಲ್ಲು, ಕೆಳಗೆ ಬೆಂಕಿ. ಅಲ್ಲೇ ಕೂತೆವು. ರೊಟ್ಟಿ ಮೂರು ಪಾಲಾಯಿತು.

ನಾನು ದೊಡ್ಡ ಪಂಡಿತನ ಹಾಗೆ ಕೋಟೆಯ ಬಗ್ಗೆ ಓದಿದ್ದನ್ನೆಲ್ಲ ಹೇಳಿದೆ. 1954ರಲ್ಲಿ ಕಪಟರಾಳ ಕೃಷ್ಣರಾಯರು ಸನ್ನತಿಯ ಶಾಸನಗಳನ್ನು ವಿದ್ವಾಂಸರ ಗಮನಕ್ಕೆ ತಂದದ್ದು, 1986ರಿಂದ 1989ರವರೆಗೆ ಇಲ್ಲಿ ಉತ್ಖನನ ನಡೆದದ್ದು. ಮುತ್ಯಾ ಹೂಂಗುಟ್ಟುತ್ತಾ ಬೀಡಿ ಸೇದಿದ. ಅವನಿಗೆ ತಿಳಿದಿದ್ದು ಬೇರೆ ಲೆಕ್ಕ. ಎಲ್ಲಿ ಕುಂಟೆ ಹೊಡೆದರೆ ಟಣ್ ಅನ್ನುತ್ತದೆ, ಎಲ್ಲಿ ಮಳೆ ಬಿದ್ದ ಮರುದಿನ ಮಣಿ, ಮಡಕೆ ಚೂರು ಮೇಲೆ ಬರುತ್ತವೆ, ಎಲ್ಲಿ ಇಟ್ಟಿಗೆ ನಮ್ಮ ಈಗಿನ ಇಟ್ಟಿಗೆಗಿಂತ ಅಗಲ. ಅವನ ಅಪ್ಪ ಹೇಳಿದ್ದನಂತೆ, ಆ ಇಟ್ಟಿಗೆ ತಂದು ಮನೆಗೆ ಹಚ್ಚಬಾರದು, ಹಚ್ಚಿದರೆ ಆ ಮನೆ ನಿಲ್ಲುವುದಿಲ್ಲ. ಇದು ಮೂಢನಂಬಿಕೆ ಅಂತ ನಾವು ಅನ್ನಬಹುದು. ಆದರೆ ಯೋಚಿಸಿ ನೋಡಿ, ಹೀಗೆ ನಂಬಿದವರು ನಾಲ್ಕು ಮನೆಯವರಾದರೂ ಇದ್ದ ಊರಲ್ಲಿ ಆ ಇಟ್ಟಿಗೆಗಳು ಅಷ್ಟಾದರೂ ನೆಲದಲ್ಲೇ ಉಳಿಯುತ್ತವೆ. ಕಾಯಿದೆ ಬರುವ ಎಷ್ಟೋ ಮೊದಲೇ ಅವರಪ್ಪನ ಕಾಯಿದೆ ಇತ್ತು.

"ಗುಡ್ಯಾಗ ಸಿಕ್ಕ ಕಲ್ಲಿನಾಗ ಏನ್ ಬರದಾನ್ರಿ ಅಂವ?" ಅಂತ ಕೇಳಿದ ಮುತ್ಯಾ.

ಆ ಕಲ್ಲಿನ ಕತೆ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ಚುಟುಕಾಗಿ: ಚಂದ್ರಲಾಂಬೆಯ ಗುಡಿಯ ಆವರಣದಲ್ಲೇ ಒಂದು ಕಾಳಿಯ ಗುಡಿ ಇದೆ. 1986ರಲ್ಲಿ ಅದರ ಮಾಳಿಗೆ ಕುಸಿದು ವಿಗ್ರಹ ಭಗ್ನವಾಯಿತು. ದುರಸ್ತಿಗೆ ಅಂತ ತೆಗೆದಾಗ ವಿಗ್ರಹ ನಿಲ್ಲಿಸಿದ್ದ ಪೀಠದ ಕಲ್ಲಿನ ಎರಡೂ ಬದಿಗೆ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನ! ಯಾವ ಕಾಲದಲ್ಲೋ ಯಾರೋ ಒಳ್ಳೆಯ ಕಲ್ಲು ಸಿಕ್ಕಿತು ಅಂತ ತಂದು, ಅಕ್ಷರಗಳ ನಡುವೆಯೇ ತೂತು ಕೊರೆದು ದೇವಿಯನ್ನು ನಿಲ್ಲಿಸಿದ್ದರು. ಅದರಲ್ಲಿ ಇರುವುದು ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನ, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಈ ಪ್ರತ್ಯೇಕ ಶಾಸನಗಳು ಅದಕ್ಕೆ ಮೊದಲು ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದವು. ತನ್ನ ಮತವನ್ನು ಹೊಗಳಿ ಬೇರೆಯವರ ಮತವನ್ನು ತೆಗಳಬೇಡಿ ಅನ್ನುವುದು ಹನ್ನೆರಡನೆಯದರ ಸಾರ. ಅಂಥ ಕಲ್ಲಿನ ಮೇಲೆ ಕಾಳಿ ನಿಂತಿದ್ದಳು. ಅಶೋಕ ನೋಡಿದ್ದರೆ ಬೇಸರ ಮಾಡಿಕೊಳ್ಳುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಮುತ್ಯಾನಿಗೆ ಹೇಳಿದೆ. ಎಲ್ಲಾ ಜನರೂ ನನ್ನ ಮಕ್ಕಳು ಅಂತ ರಾಜ ಬರೆಸಿದ್ದಾನೆ. ಸುಮ್ಮಸುಮ್ಮನೆ ಯಾರನ್ನೂ ಸೆರೆಯಲ್ಲಿ ಇಡಬೇಡಿ, ಹಿಂಸೆ ಕೊಡಬೇಡಿ ಅಂತ ಅಧಿಕಾರಿಗಳಿಗೆ ಬುದ್ಧಿ ಹೇಳಿದ್ದಾನೆ.

ಮುತ್ಯಾ ಸ್ವಲ್ಪ ಹೊತ್ತು ಬೆಂಕಿ ನೋಡಿದ. ಆಮೇಲೆ ಗಹಗಹಿಸಿ ನಕ್ಕ. "ಅವಾಗೂ ಹೇಳಬೇಕಾಗಿತ್ತೇನು ಅವರಿಗಿ?"

ಎಷ್ಟು ವ್ಯಾಖ್ಯಾನ ಓದಿದ್ದರೂ ಆ ಶಾಸನದ ಬಗ್ಗೆ ಇಷ್ಟು ನೇರ ಮಾತು ನಾನು ಎಲ್ಲೂ ಓದಿಲ್ಲ.

ನಡುನಡುವೆ ಮುತ್ಯಾ ಎದ್ದು ಡಬ್ಬಿ ಬಡಿಯುತ್ತಿದ್ದ. ಜನವರಿ ಅಂದರೆ ಜೋಳ ಹಾಲುಗಾಳು ತುಂಬಿ ಗಟ್ಟಿಯಾಗುವ ಕಾಲ. ಹಗಲು ಹಕ್ಕಿಗೆ ಕವಣೆ, ರಾತ್ರಿ ಹಂದಿಗೆ ಡಬ್ಬಿ. ಒಂದು ರಾತ್ರಿ ಕಣ್ಣು ಮುಚ್ಚಿದರೆ ನಾಲ್ಕು ತಿಂಗಳ ದುಡಿಮೆ ನೆಲಕ್ಕೆ. "ವರ್ಷಾ ಇಷ್ಟ್ ದಿನಾ ಇಲ್ಲೇ ಮಕ್ಕೋತೀರೇನು?" ಅಂತ ಕೇಳಿದೆ. ಅವನು ಹೇಳಿದ ಉತ್ತರಕ್ಕೇ ನಾನು ಇಷ್ಟೆಲ್ಲ ಬರೆಯುತ್ತಿರುವುದು.

"ಇದೇ ಕಡೀದು ತಮ್ಮಾ. ಬರೋ ವರ್ಷ ಹತ್ತಿ ಹಾಕಮು ಅಂತಾನ ಮಗ. ಜೋಳದಾಗ ಏನ್ ಉಳೀತದ? ಕೊಯ್ಯಾಕ ಆಳಿಲ್ಲ, ರೇಟಿಲ್ಲ. ಹತ್ತಿಗಿ ಹಂದಿ ಬರಲ್ಲ. ಹತ್ತಿ ಹಾಕಿದ್ರ ನಾ ಮನ್ಯಾಗ ಬೆಚ್ಚಗ ಮಕ್ಕೋತೀನಿ."

ಮಗ ಹೇಳಿದ್ದು ತಪ್ಪಲ್ಲ. ಎಪ್ಪತ್ತರ ಮುದುಕ ಚಳಿಯಲ್ಲಿ ಹೊಲದಲ್ಲಿ ಮಲಗಲಿ ಅಂತ ಯಾರು ಬಯಸುತ್ತಾರೆ? ನನ್ನ ಅಪ್ಪನಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಆ ಮಾತು ಕೇಳಿದ ಮೇಲೆ ಸುತ್ತಲಿನ ಹೊಲಗಳ ಕಡೆ ನೋಡಿದೆ. ಬೆಳದಿಂಗಳಲ್ಲಿ ಅಲ್ಲೊಂದು ಇಲ್ಲೊಂದು ಬೆಂಕಿ. ಒಂದು, ಎರಡು, ಮೂರು... ನಾಲ್ಕನೆಯದು ಕಾಣಲಿಲ್ಲ. "ನಮ್ಮಪ್ಪನ ಕಾಲದಾಗ ಎಣಸಾಕ ಬರ್ತಿರಲಿಲ್ಲ" ಅಂದ ಮುತ್ಯಾ.

ನಮ್ಮ ಲೆಕ್ಕ ಏನು? ಸ್ಮಾರಕ ಅಂದರೆ ಬೇಲಿ, ಬೋರ್ಡು, ಬೀಗ, ಕಾವಲುಗಾರ. ಅದು ಅಗೆದು ಹೊರಗೆ ತೆಗೆದದ್ದಕ್ಕೆ. ಅಗೆಯದೆ ಉಳಿದದ್ದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು, ಅದು ಮಣ್ಣಿನ ಕೆಳಗಿದೆ. ಮಣ್ಣಿಗಿಂತ ಒಳ್ಳೆಯ ಬೀಗ ಇಲ್ಲ ನಿಜ, ಎರಡು ಸಾವಿರ ವರ್ಷ ತಡೆದಿದೆ. ಆದರೆ ಆ ಬೀಗವನ್ನು ರಾತ್ರಿ ಕಾಯುತ್ತಿದ್ದವರು ಯಾವ ರಿಜಿಸ್ಟರಿನಲ್ಲೂ ಇಲ್ಲ. ಅವರು ಕೋಟೆ ಕಾಯಲು ಬಂದವರೂ ಅಲ್ಲ, ಜೋಳ ಕಾಯಲು ಬಂದವರು. ಜೋಳದ ಜೊತೆಗೆ ಕೋಟೆಯೂ ಉಳಿಯಿತು. ಜೋಳ ಹೋದರೆ?

ಇದು ಸನ್ನತಿಯೊಂದರ ಮಾತಲ್ಲ. ನಮ್ಮ ಕಡೆ ಹಳೆಯ ಊರಿನ ದಿಬ್ಬಗಳಿಗೆ "ಹಾಳು ಮಣ್ಣು" ಅನ್ನುತ್ತಾರೆ. ಹೊಲಕ್ಕೆ ಫಲವತ್ತು ಅಂತ ಗಾಡಿಗಟ್ಟಲೆ ಹೊತ್ತೊಯ್ಯುತ್ತಿದ್ದ ಕಾಲ ಇತ್ತು, ಈಗ ಜೆಸಿಬಿ ಬಂದಿದೆ. ಗಾಡಿಯವನು ವರ್ಷವಿಡೀ ತೆಗೆದದ್ದನ್ನು ಜೆಸಿಬಿ ಒಂದು ರಾತ್ರಿಯಲ್ಲಿ ತೆಗೆಯುತ್ತದೆ. ಆ ಹೊತ್ತಿಗೆ ಅಲ್ಲಿ ಎಚ್ಚರ ಇರುವವನು ಒಬ್ಬನಾದರೂ ಬೇಕಲ್ಲ.

ರಾತ್ರಿ ಪ್ರವಾಸದ ಮಾತು ಇತ್ತೀಚೆಗೆ ಬಹಳ ಕೇಳುತ್ತೇವೆ. ತಾಜಮಹಲನ್ನು 2004ರಿಂದ ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ತೆರೆದರು. 2019ರಲ್ಲಿ ನಮ್ಮ ಪಟ್ಟದಕಲ್ಲು, ಗೋಲಗುಂಬಜ್ ಸೇರಿ ದೇಶದ ಹತ್ತು ಸ್ಮಾರಕಗಳನ್ನು ರಾತ್ರಿ 9ರವರೆಗೆ ತೆರೆದಿಡುವ ನಿರ್ಧಾರ ಆಯಿತು. ಒಳ್ಳೆಯದೇ. ಕನಗನಹಳ್ಳಿಯಲ್ಲೂ ಕೆಲಸ ನಡೆದಿದೆ, 2022ರಲ್ಲಿ ಪುರಾತತ್ವ ಇಲಾಖೆ ಸ್ತೂಪದ ಸಂರಕ್ಷಣೆ ಕೈಗೆತ್ತಿಕೊಂಡಾಗ ಖುಷಿಯಾಯಿತು. ಮುಂದೆ ಒಂದು ದಿನ ಸನ್ನತಿಗೂ ದೀಪ, ಟಿಕೆಟ್ಟು ಬರಬಹುದು. ಬಂದರೆ ನಾನೂ ಸಾಲಿನಲ್ಲಿ ನಿಲ್ಲುತ್ತೇನೆ. ಆದರೆ ರಾತ್ರಿ ಅಂದರೆ ಬರೀ ನೋಡುವ ಹೊತ್ತಲ್ಲ, ಕಾಯುವ ಹೊತ್ತು ಅನ್ನುವುದು ಮುತ್ಯಾನಿಂದ ಕಲಿತ ಪಾಠ.

ಮರುದಿನ ಬೆಳಿಗ್ಗೆ ಕನಗನಹಳ್ಳಿಗೆ ಹೋದೆವು. ಕಾವಲುಗಾರ ಮಾತಿಗೆ ತಪ್ಪಲಿಲ್ಲ, ಎಲ್ಲ ತೋರಿಸಿದ. ಅಶೋಕನನ್ನು ನೋಡಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಫಲಕಗಳಲ್ಲಿ ಇರುವ ಪುಟ್ಟ ಪುಟ್ಟ ಅಕ್ಷರದ ಸಾಲುಗಳು. ಅವುಗಳಲ್ಲಿ ಬಹಳಷ್ಟು ದಾನ ಕೊಟ್ಟವರ ಹೆಸರುಗಳು. ಗೃಹಸ್ಥರು, ಭಿಕ್ಷುಗಳು, ಭಿಕ್ಷುಣಿಯರು. ಇಷ್ಟು ದೊಡ್ಡ ಸ್ತೂಪ ಒಬ್ಬ ರಾಜನ ಬೊಕ್ಕಸದಿಂದ ಎದ್ದದ್ದಲ್ಲ, ಒಬ್ಬೊಬ್ಬರು ಒಂದೊಂದು ಕಲ್ಲು ಅಂತ ಎದ್ದದ್ದು. ಕೊಟ್ಟವರ ಹೆಸರು ಕಲ್ಲಿನಲ್ಲಿದೆ. ಆಮೇಲೆ ಬಂದವರು, ಕಟ್ಟದೆ ಕೊಡದೆ ಸುಮ್ಮನೆ ಮುಟ್ಟದೆ ಬಿಟ್ಟವರು, ರಾತ್ರಿ ಡಬ್ಬಿ ಬಡಿದವರು, ಅವರ ಹೆಸರು ಬರೆಯಲು ಕಲ್ಲು ಎಲ್ಲಿದೆ? ನಾನೂ ಮುತ್ಯಾನ ಹೆಸರು ಬರೆಯುತ್ತಿಲ್ಲ. ಅವನೇ ಬೇಡ ಅಂದ, "ಹೆಸರು ಗೊತ್ತಾದ್ರ ಹಾರಿ ಕೇಳಾಕ ಬಂದಾರು!"

ಮುಂದಿನ ವರ್ಷ ಮಾವನ ಮಗನಿಗೆ ಫೋನ್ ಮಾಡಿದಾಗ ಕೇಳಿದೆ. ಆ ಹೊಲದಲ್ಲಿ ಹತ್ತಿ ಬಂದಿತ್ತು. ಬೆಳೆ ಚೆನ್ನಾಗಿದೆ ಅಂದ. ಮುತ್ಯಾ ಆರಾಮ ಅಂದ. "ಆದ್ರ ಭಾವಾ, ಒಂದು ಮೂಲ್ಯಾಗ ನಾಕು ಸಾಲು ಜೋಳ ಹಾಕಸ್ಯಾನ. ಮನಿಗಿ ತಿನ್ನಾಕ ಅಂತ. ಅದನ್ನ ಕಾಯಾಕ ಅಂತ ಇನ್ನಾ ಅಲ್ಲೇ ಮಲಗ್ತಾನಂತ. ಮಗ ಬೈತಾನ."

ನಾಲ್ಕು ಸಾಲು ಜೋಳಕ್ಕೆ ಯಾರಾದರೂ ರಾತ್ರಿಯಿಡೀ ಕಾಯುತ್ತಾರೆಯೇ? ನಿಮ್ಮೂರಿನ ಹಾಳು ದಿಬ್ಬದ ಪಕ್ಕದಲ್ಲೂ ಇಂಥ ಒಬ್ಬ ಮುತ್ಯಾ ಇದ್ದಾನು, ಮುಂದಿನ ಸಲ ಊರಿಗೆ ಹೋದಾಗ ಸ್ವಲ್ಪ ವಿಚಾರಿಸಿ. ರೊಟ್ಟಿ ಕಟ್ಟಿಕೊಂಡು ಹೋಗುವುದು ಮರೆಯಬೇಡಿ.